ಹಾಳೆಯ ಹಿಂಬದಿ

ಕೇಳುಗರಿಗೆ ನಮಸ್ಕಾರ.

ನಾನು ಪುಣೆಯ ಒಂದು ಶಾಲೆಯಲ್ಲಿ ಕೌನ್ಸೆಲರ್. ಊರು ಧಾರವಾಡ. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕನ್ನಡದ ಮನೆಯವರು ಯಾರೇ ಶಾಲೆಗೆ ಬಂದರೂ ಮೊದಲು ನನ್ನ ಕೋಣೆಗೇ ಕಳಿಸುತ್ತಾರೆ. "ತುಮಚೇ ಲೋಕ್ ಆಲೇ", ನಿಮ್ಮ ಜನ ಬಂದರು, ಅಂತ ನಮ್ಮ ಪ್ಯೂನ್ ಕಾಕಾ ಬಾಗಿಲಿಂದಲೇ ಕೂಗುತ್ತಾರೆ.

ಕೆಲವು ವರ್ಷದ ಹಿಂದೆ ಹಾಗೆ ಒಬ್ಬ ತಾಯಿ ಬಂದರು. ಹುಬ್ಬಳ್ಳಿ ಕಡೆಯವರು, ಚಿಂಚವಾಡದಲ್ಲಿ ಮನೆ. ಜೊತೆಗೆ ಏಳು ವರ್ಷದ ಮಗ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಎರಡು ವರದಿ. ಒಂದು ವರದಿಯ ಪ್ರಕಾರ ಹುಡುಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ. ಇನ್ನೊಂದರ ಪ್ರಕಾರ ಅವನ ಐಕ್ಯೂ, ಅಂದರೆ ಬುದ್ಧಿಯ ಅಳತೆ, 148; ಅಸಾಮಾನ್ಯ ಪ್ರತಿಭೆ. ಎರಡನ್ನೂ ಬರೆದವರು ಓದಿದ ಮನಶ್ಶಾಸ್ತ್ರಜ್ಞರೇ. ನಡುವೆ ನಾಲ್ಕೇ ತಿಂಗಳ ಅಂತರ.

"ಅಕ್ಕೋರ, ಇಂವಾ ಶಾಣ್ಯಾ ಇದ್ದಾನೋ, ಇಂವಗ ಏನರ ತ್ರಾಸ ಐತೋ, ಒಂದ ಹೇಳಿಬಿಡ್ರಿ" ಅಂದರು.

ನಾನು ಹೇಳಿದೆ. ಎರಡೂ ಅಲ್ಲದ ಮೂರನೆಯದೊಂದು ಹೇಳಿದೆ. ಅದೂ ತಪ್ಪಾಗಿತ್ತು. ಆ ತಪ್ಪು ಹೇಗಾಯಿತು ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮ ಓದಿನ ವಿಷಯ ಹೇಳುತ್ತೇನೆ. ನಾನು ಎಂ.ಎ. ಮಾಡುವಾಗ ಪ್ರತಿಭಾವಂತ ಮಕ್ಕಳ ಬಗ್ಗೆ ಇದ್ದದ್ದು ಒಂದು ಅಧ್ಯಾಯದ ಬಾಲ ಮಾತ್ರ. ಪರೀಕ್ಷೆಗೆ ಬಂದರೆ ಐದು ಅಂಕದ ಟಿಪ್ಪಣಿ. ಬುದ್ಧಿ ಹಿಂದುಳಿದ ಮಗು, ಮಾತು ತಡವಾದ ಮಗು, ಓದು ಬಾರದ ಮಗು, ಇವರ ಬಗ್ಗೆ ಬೇಕಾದಷ್ಟು ಕಲಿಸಿದರು. ಅದು ತಪ್ಪೇನಲ್ಲ. ಬುದ್ಧಿ ಅಳೆಯುವ ಪರೀಕ್ಷೆ ಹುಟ್ಟಿದ್ದೇ ಅದಕ್ಕೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಮೊದಲ ಪರೀಕ್ಷೆ ತಯಾರಿಸಿದ್ದು, ಶಾಲೆಯಲ್ಲಿ ಹಿಂದೆ ಬಿದ್ದು ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಜಾಣರನ್ನು ಹುಡುಕುವುದು ಅವರ ತಲೆಯಲ್ಲಿ ಇರಲಿಲ್ಲ.

ಅದೇ ಕೋಲು ಹಿಡಿದು ಜಾಣರನ್ನು ಅಳೆಯಲು ಹೊರಟವನು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅಂತ ನಮ್ಮಲ್ಲಿ ಹೇಳುತ್ತೇವಲ್ಲ, ಟರ್ಮನ್‌ಗೂ ಅದೇ ನಂಬಿಕೆ. 1921ರಲ್ಲಿ ಶುರು ಮಾಡಿ, ಹೆಚ್ಚು ಐಕ್ಯೂ ಬಂದ ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದ. ಅವರು ಆರೋಗ್ಯವಾಗಿದ್ದರು, ಎಲ್ಲರ ಜೊತೆ ಹೊಂದಿಕೊಂಡಿದ್ದರು, ಒಳ್ಳೆಯ ಕೆಲಸಗಳಿಗೆ ಹೋದರು. ನೊಬೆಲ್ ಮಾತ್ರ ಒಬ್ಬರಿಗೂ ಬರಲಿಲ್ಲ. ಬಂದದ್ದು ಯಾರಿಗೆ ಗೊತ್ತೇ? ಅದೇ ಪರೀಕ್ಷೆ ಬರೆದು, ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ. ವಿಲಿಯಂ ಶಾಕ್ಲೀಗೆ 1956ರಲ್ಲಿ, ಲೂಯಿಸ್ ಆಲ್ವರೆಜ್‌ಗೆ 1968ರಲ್ಲಿ. ಇಬ್ಬರಿಗೂ ಭೌತಶಾಸ್ತ್ರದಲ್ಲೇ.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಲೀಟಾ ಹಾಲಿಂಗ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ ಇದ್ದರು. ಐಕ್ಯೂ 180 ದಾಟಿದ ಹನ್ನೆರಡು ಮಕ್ಕಳನ್ನು ಹತ್ತಿರದಿಂದ ನೋಡಿದರು. ಅಂಥ ಮಕ್ಕಳಿಗೆ ಜೊತೆಗಾರರೇ ಸಿಗುವುದಿಲ್ಲ, ಒಂಟಿಯಾಗುತ್ತಾರೆ ಅಂದರು. ಅವರ ಪುಸ್ತಕ ಬಂದದ್ದು ಅವರು ತೀರಿಕೊಂಡ ಮೇಲೆ, 1942ರಲ್ಲಿ.

ಈಗ ನೋಡಿ. ಒಂದು ಕಡೆ ಸುಖವಾಗಿರುವ 1,500 ಜಾಣರು. ಇನ್ನೊಂದು ಕಡೆ ಹನ್ನೆರಡು ಮಕ್ಕಳು, ಒಂಟಿತನದ ಮಾತು. ಟರ್ಮನ್‌ನ ಪಟ್ಟಿಗೆ ಮಕ್ಕಳನ್ನು ಮೊದಲು ಸೂಚಿಸಿದವರು ಟೀಚರುಗಳು. ತರಗತಿಯಲ್ಲಿ ಕಾಟ ಕೊಡುವ ಹುಡುಗನ ಹೆಸರನ್ನು ಯಾವ ಟೀಚರು ಬರೆಯುತ್ತಾರೆ ಹೇಳಿ! ಅಂದಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ನಾವು ಓದುವುದಿಲ್ಲ. ಟರ್ಮನ್ ಓದಿದವರು "ಇಂಥ ಮಕ್ಕಳಿಗೆ ಏನೂ ತೊಂದರೆ ಇರಲ್ಲ" ಅನ್ನುತ್ತಾರೆ. ಹಾಲಿಂಗ್‌ವರ್ತ್ ಓದಿದವರು "ಇಂಥ ಮಕ್ಕಳು ತುಂಬ ನಾಜೂಕು" ಅನ್ನುತ್ತಾರೆ. ನಿಮಗೆ ಸಿಗುವ ಉತ್ತರ ನೀವು ಯಾರ ಬಾಗಿಲು ತಟ್ಟಿದಿರಿ ಅನ್ನುವುದರ ಮೇಲೆ. ಆ ತಾಯಿಯ ಫೈಲಿನಲ್ಲಿ ಇದ್ದದ್ದೂ ಇದೇ.

ಆ 148ರ ಕಥೆಯೂ ಸ್ವಲ್ಪ ಹೇಳಬೇಕು. ಬಿನೆಯ ಪರೀಕ್ಷೆಯನ್ನು ನಮ್ಮ ಮುಂಬೈ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. 1934ರ ಕೆಲಸ. ಬಿನೆ-ಕಾಮತ್ ಪರೀಕ್ಷೆ ಅಂತ ಅದಕ್ಕೆ ಹೆಸರು. ಎರಡು ಭಾಷೆಯ ಗಡಿಯಲ್ಲಿ ಬೆಳೆದ ನನಗೆ ಅದರ ಮೇಲೆ ಅಭಿಮಾನವಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಂಥ ಹಳೆಯ ಪರೀಕ್ಷೆಗಳಲ್ಲಿ ಲೆಕ್ಕ ಮಾಡುವ ರೀತಿ ಬೇರೆ. ಏಳು ವರ್ಷದ ಮಗು ಹತ್ತು ವರ್ಷದವರ ಪ್ರಶ್ನೆವರೆಗೂ ಉತ್ತರಿಸಿದರೆ, ಹತ್ತನ್ನು ಏಳರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 143 ಬರುತ್ತದೆ. ಈಗಿನ ಪರೀಕ್ಷೆಗಳು ಮಗುವನ್ನು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸುತ್ತವೆ. ಅಲ್ಲಿ ಸರಾಸರಿ 100, ನೂರು ಮಕ್ಕಳಲ್ಲಿ ಇಬ್ಬರು ಮಾತ್ರ 130 ದಾಟುತ್ತಾರೆ. ಒಂದರ 148 ಇನ್ನೊಂದರ 148 ಅಲ್ಲವೇ ಅಲ್ಲ. ಆ ವರದಿಯಲ್ಲಿ ಯಾವ ಪರೀಕ್ಷೆ ಅಂತಲೇ ಬರೆದಿರಲಿಲ್ಲ. ಅಂಕಿ ಮಾತ್ರ ದಪ್ಪಕ್ಷರದಲ್ಲಿತ್ತು.

ಎಡಿಎಚ್‌ಡಿ ಅಂದ ವರದಿಯಲ್ಲೂ ಒಂದು ತೂತು. ಆ ತೊಂದರೆ ಇದೆ ಅನ್ನಬೇಕಾದರೆ ಲಕ್ಷಣಗಳು ಎರಡಾದರೂ ಕಡೆ ಕಾಣಬೇಕು. ಶಾಲೆಯಲ್ಲೂ ಮನೆಯಲ್ಲೂ, ಹಾಗೆ. ಮನೆಯಲ್ಲಿ ಹುಡುಗ ಹೇಗಿರುತ್ತಾನೆ ಅಂತ ಆ ತಾಯಿಯನ್ನು ಯಾರೂ ಕೇಳಿಯೇ ಇರಲಿಲ್ಲ. "ಮನ್ಯಾಗ ತಾಸಗಟ್ಟಲೆ ಒಂದ ಕಡೆ ಕುಂತಿರ್ತಾನ್ರಿ" ಅಂದರು ಅವರು. ಹಾಗಂತ ಪ್ರತಿಭೆ ಇದ್ದರೆ ಎಡಿಎಚ್‌ಡಿ ಇರುವುದಿಲ್ಲ ಅಂತಲೂ ಅಲ್ಲ. ಎರಡೂ ಇರುವ ಮಕ್ಕಳನ್ನು ನಾನೇ ನೋಡಿದ್ದೇನೆ.

ಇನ್ನು ನನ್ನ ತಪ್ಪು. ಆಗಷ್ಟೇ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದಿದ್ದೆ. ಅಲ್ಲಿ ಕಲಿತದ್ದು ದಾಬ್ರೊವ್ಸ್ಕಿ ಅನ್ನುವ ಪೋಲೆಂಡಿನ ಮನೋವೈದ್ಯನ ವಿಚಾರ. ಕೆಲವರ ನರಗಳು ಉಳಿದವರಿಗಿಂತ ಜಾಸ್ತಿ ಸ್ಪಂದಿಸುತ್ತವೆ. ದೇಹ, ಇಂದ್ರಿಯ, ಬುದ್ಧಿ, ಕಲ್ಪನೆ, ಭಾವನೆ ಅಂತ ಐದು ಬಗೆ. ಕಾರ್ಯಾಗಾರದಲ್ಲಿ ಒಂದು ಫಾರ್ಮು ಕೊಟ್ಟಿದ್ದರು. ಅಂಗಿಯ ಲೇಬಲ್ ಚುಚ್ಚುತ್ತದೆ ಅನ್ನುತ್ತಾನೆಯೇ? ಟಿಕ್. ಬೇಗ ಅಳುತ್ತಾನೆಯೇ? ಟಿಕ್. ಕಾಲು ಆಡಿಸುತ್ತಲೇ ಇರುತ್ತಾನೆಯೇ? ಟಿಕ್. ತಾಯಿ ಹೇಳುತ್ತಾ ಹೋದರು, ನಾನು ಟಿಕ್ ಹಾಕುತ್ತಾ ಹೋದೆ. ಕೊನೆಗೆ ದೊಡ್ಡ ಪಂಡಿತೆಯ ಹಾಗೆ, "ಇದು ಪ್ರತಿಭಾವಂತರಲ್ಲಿ ಇರುವ ಅತಿಸ್ಪಂದನೆ, ಗಾಬರಿ ಆಗಬೇಡಿ" ಅಂದೆ.

ದಾಬ್ರೊವ್ಸ್ಕಿಯ ಬಗ್ಗೆ ಸರಿಯಾಗಿ ಓದಿದ್ದು ಆಮೇಲೆ. ಅವನ ಸಿದ್ಧಾಂತ ಮೂಲದಲ್ಲಿ ಬೇರೆಯೇ. ಮನುಷ್ಯನ ವ್ಯಕ್ತಿತ್ವ ಒಳಗೊಳಗೇ ಮುರಿದು, ಇನ್ನೂ ಮೇಲಿನ ಮಟ್ಟದಲ್ಲಿ ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ ಅನ್ನುವುದು ಅವನ ಪ್ರಶ್ನೆ. ಅತಿಸ್ಪಂದನೆ ಆ ದೊಡ್ಡ ಕಟ್ಟಡದ ಒಂದು ಇಟ್ಟಿಗೆ. ನಾವು ಇಟ್ಟಿಗೆ ಕಿತ್ತು ತಂದು ಜಾಣತನದ ಅಳತೆಗೋಲು ಮಾಡಿಕೊಂಡೆವು. ಲೇಬಲ್ ಚುಚ್ಚುವುದು ಚರ್ಮಕ್ಕೆ ಸಂಬಂಧಿಸಿದ್ದೂ ಇರಬಹುದು, ಅಲ್ವಾ?

ಇಂಥದ್ದಕ್ಕೆ ಮದ್ದು ಎಂದರೆ ಮಗು ಮಾಡುವುದನ್ನು ಸುಮ್ನೆ ಕೂತು ನೋಡುವುದು. ನಮ್ಮ ಶಕುಂತಲಾ ದೇವಿಯನ್ನೇ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಹುಟ್ಟಿದ ಗಣಿತದ ಮಾಂತ್ರಿಕೆ. 1988ರಲ್ಲಿ ಬರ್ಕ್‌ಲಿಯಲ್ಲಿ ಆರ್ಥರ್ ಜೆನ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದ. 6,16,29,875ರ ಘನಮೂಲ ಎಷ್ಟು ಅಂದರೆ, ಅವನು ಸಂಖ್ಯೆ ಬರೆದುಕೊಳ್ಳುವ ಮೊದಲೇ 395 ಅಂದರು. ಮೆದುಳಿನ ವೇಗವೇ ಇದರ ಗುಟ್ಟು ಅಂತ ಅವನ ಲೆಕ್ಕ. ಆದರೆ ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ನಮ್ಮ ನಿಮ್ಮ ಹಾಗೇ ಇತ್ತು. ತನ್ನ ಲೆಕ್ಕಕ್ಕೆ ಹೊಂದದಿದ್ದರೂ, ಕಂಡದ್ದನ್ನು ಅವನು ಮುಚ್ಚಿಡದೆ 1990ರಲ್ಲಿ ಪ್ರಕಟಿಸಿದ. ಜೆನ್ಸನ್‌ನ ಬೇರೆ ಎಷ್ಟೋ ವಾದಗಳು ನನಗೆ ಒಪ್ಪಿಗೆಯಿಲ್ಲ. ಈ ಒಂದು ಪ್ರಾಮಾಣಿಕತೆ ಒಪ್ಪಿಗೆ.

ಪುಣೆಯವರಿಗೆ ಜಾಣ ಮಕ್ಕಳ ವಿಷಯ ಹೊಸದಲ್ಲ. ಅಪ್ಪಾ ಪೇಂಡ್ಸೆ ಇಲ್ಲೇ 1962ರಲ್ಲಿ ಜ್ಞಾನ ಪ್ರಬೋಧಿನಿ ಅನ್ನುವ ಸಂಸ್ಥೆ ಶುರು ಮಾಡಿದರು, 1969ರಲ್ಲಿ ಜಾಣ ಮಕ್ಕಳಿಗೆಂದೇ ಶಾಲೆ ತೆರೆದರು. ಅಷ್ಟು ಹಳೆಯ ಕೆಲಸ ಊರಲ್ಲೇ ಇದ್ದರೂ, ಮಾಲ್‌ನಲ್ಲಿ ಬೆರಳಚ್ಚು ತೆಗೆದು "ನಿಮ್ಮ ಮಗು ಡಾಕ್ಟರ್ ಆಗುತ್ತೆ" ಅನ್ನುವವರ ಮುಂದೆ ಸಾಲು ನಿಲ್ಲುತ್ತದೆ. ಬೆರಳಿನ ಗೆರೆಗೂ ಬುದ್ಧಿಗೂ ವೈಜ್ಞಾನಿಕ ಸಂಬಂಧವಿಲ್ಲ. ದುಡ್ಡು ಉಳಿಸಿಕೊಳ್ಳಿ.

ಮತ್ತೆ ನನ್ನ ಫಾರ್ಮಿಗೆ ಬರುತ್ತೇನೆ. ಸುಮಾರು ಆರು ತಿಂಗಳ ನಂತರ ಕೆಲವು ಫೈಲು ಮನೆಗೆ ತಂದಿದ್ದೆ. ತರಬಾರದು, ತಂದಿದ್ದೆ. ಊರಿಂದ ನಮ್ಮ ಭಾವ ಬಂದಿದ್ದರು. ಹುಬ್ಬಳ್ಳಿಯಲ್ಲಿ ರೈಲ್ವೆ ಕಂಟ್ರೋಲರ್ ಆಗಿ ನಿವೃತ್ತರಾದವರು. ಮೇಜಿನ ಮೇಲೆ ಒಂದು ಹಾಳೆ ಬೋರಲಾಗಿ ಬಿದ್ದಿತ್ತು. ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದ ನಮ್ಮ ಚಾರ್ಟ್ ಐತಲ್ಲ! ಯಾರ ಹಾಕ್ಯಾರ?"

ಎಡಗಡೆ ಮೇಲಿನಿಂದ ಕೆಳಗೆ ಊರುಗಳ ಹೆಸರು, ಕಾಗುಣಿತ ತಪ್ಪಾಗಿ. ಪುಣೆ, ಲೋಣಂದ, ಸಾತಾರಾ, ಕರಾಡ, ಸಾಂಗಲಿ, ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ. ಅಡ್ಡಕ್ಕೆ ಗಂಟೆಗಳು. ಮೇಲಿನಿಂದ ಒಂದು ಓರೆ ಗೆರೆ, ಕೆಳಗಿನಿಂದ ಇನ್ನೊಂದು. ಎರಡೂ ಲೋಣಂದದ ಹತ್ತಿರ ಒಂದನ್ನೊಂದು ಕತ್ತರಿಸಿದ್ದವು. ಆಗಿನ್ನೂ ಅಲ್ಲಿ ಒಂದೇ ಹಳಿ. ಎದುರು ಬದುರು ಬರುವ ಎರಡು ಗಾಡಿ ಎಲ್ಲಿ ಕ್ರಾಸ್ ಆಗಬೇಕು ಅನ್ನುವ ಲೆಕ್ಕ ಅದು. ಕಂಟ್ರೋಲ್ ಆಫೀಸಿನಲ್ಲಿ ದೊಡ್ಡವರು ಹಾಗೇ ಗೆರೆ ಎಳೆಯುತ್ತಾರಂತೆ.

ಜೋಸೆಫ್ ರೆನ್ಜುಲಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1978ರಲ್ಲಿ ಹೇಳಿದ್ದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದು ಹುಟ್ಟಿಸುವ ಗುಣ, ಹಿಡಿದದ್ದು ಬಿಡದ ಹಟ, ಈ ಮೂರೂ ಕೂಡಿದ ಕಡೆ ಪ್ರತಿಭೆ ಕಾಣುತ್ತದೆ ಅಂತ. ಐದು ಅಂಕದ ಟಿಪ್ಪಣಿಯಲ್ಲಿ ಇದನ್ನೂ ಬರೆದಿದ್ದೆ. ಮೂರೂ ಕೂಡಿದ ಹಾಳೆ ನನ್ನ ಕೈಯಲ್ಲೇ ಇತ್ತು. ನಾನು ಟಿಕ್ ಹಾಕುವ ಮುಂಚೆ ಹುಡುಗ ಕಾಯುತ್ತಾ ಕೂತಿದ್ದಾಗ ಆ ಫಾರ್ಮಿನ ಹಿಂದೆ ಗೀಚಿದ್ದ. ತಿರುಗಿಸಿ ನೋಡಿರಲಿಲ್ಲ.

ತಾಯಿಗೆ ಫೋನ್ ಮಾಡಿ ಕರೆಸಿದೆ. ನಾನು ಹೇಳಿದ್ದು ತಪ್ಪಾಗಿತ್ತು ಅಂತ ಮೊದಲು ಹೇಳಿದೆ. ಆಮೇಲೆ ಆ ಹಾಳೆಯನ್ನು ಹುಡುಗನ ಮುಂದಿಟ್ಟು, ಇದೇನು ಅಂತ ಕೇಳಿದೆ. ಅವನು ಒಂದು ಸಲ ನೋಡಿ ಪಕ್ಕಕ್ಕೆ ಸರಿಸಿದ.

"ಇದು ಹಳೇ ಟೈಮ್‌ಟೇಬಲ್ ಟೀಚರ್. ಈಗ ಗಾಡಿ ಹೊತ್ತು ಬದಲಾಗಿದೆ. ಸ್ಕೇಲ್ ಇದೆಯಾ?"

ಇರಲಿಲ್ಲ. ಪಕ್ಕದ ಕ್ಲಾಸಿಗೆ ಹೋಗಿ ತಂದುಕೊಟ್ಟೆ.