ಅಳಿಯನ ಜೊತೆ ವಿಜಯಪುರದ ಕೋಟೆಗೆ ಒಂದು ಸುತ್ತು

ಬೆಳಿಗ್ಗೆ ಆರು ಗಂಟೆ. ನಾವೀಗ ಶಹಾಪುರ ಅಗಸಿ ಹತ್ತಿರ ಇದ್ದೇವೆ. ಕೋಟೆ ಬಾಗಿಲಿಗೆ ನಮ್ಮ ಕಡೆ ಅಗಸಿ ಅಂತಾರೆ. ಚಹಾದಂಗಡಿ ಇನ್ನೂ ಈಗ ತೆರೀತಾ ಇದೆ, ಬಿಸಿಲು ಏರುವ ಮುಂಚೆ ಎಷ್ಟು ಆಗುತ್ತೋ ಅಷ್ಟು ನಡೆದುಬಿಡಬೇಕು.

ಇವತ್ತಿನ ವಿಡಿಯೋಗೆ ಕಾರಣ ನನ್ನ ಅಕ್ಕನ ಮಗ. ಹೋದ ವಾರ ಶಾಲೆಯಿಂದ ಬಂದವನೇ ಕೇಳಿದ. "ಮಾಮಾ, ಜಗತ್ತಿನಾಗ ಎಲ್ಲಾಕಿಂತ ದೊಡ್ಡ ಕೋಟಿ ಯಾವ್ದು?" ಫೋನ್ ತೆಗೆದು ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಉತ್ತರ. ಯಾಕೆ ಅಂತ ನೋಡ್ತಾ ಹೋದಾಗ ಒಂದು ವಿಷಯ ಹೊಳೆಯಿತು. ನಾವು ಕನ್ನಡದಲ್ಲಿ ಎಲ್ಲದಕ್ಕೂ ಕೋಟೆ ಅಂತೀವಿ. ರಾಜನ ಮನೆ ಸುತ್ತ ಇದ್ರೂ ಕೋಟೆ, ಗುಡ್ಡದ ಮೇಲಿದ್ರೂ ಕೋಟೆ, ಇಡೀ ಊರನ್ನೇ ಸುತ್ತಿಕೊಂಡಿದ್ರೂ ಕೋಟೆ. ಆದ್ರೆ ಫೋನಿನಲ್ಲಿ ಸಿಕ್ಕ ದೊಡ್ಡ ಕೋಟೆಗಳ ಪಟ್ಟಿಗಳಲ್ಲಿ ಕ್ಯಾಸಲ್, ಅಂದ್ರೆ ಒಡೆಯರು ವಾಸ ಮಾಡೋ ಕೋಟೆ, ಬೇರೆ, ಫೋರ್ಟ್ ಬೇರೆ, ಊರಗೋಡೆ ಮತ್ತೂ ಬೇರೆ.

ಕ್ಯಾಸಲ್ ಅಂದ್ರೆ ಮೊದಲು ಬರೋ ಹೆಸರು ಪೋಲೆಂಡ್ ದೇಶದ ಮಾಲ್ಬೋರ್ಕ್. ನೋಗಾತ್ ನದಿ ದಂಡೆ ಮೇಲೆ, ಪೂರ್ತಿ ಇಟ್ಟಿಗೆಯಲ್ಲಿ ಕಟ್ಟಿದ್ದು, ಅಳತೆ 1,43,591 ಚದರ ಮೀಟರ್, ಅಂದ್ರೆ ಮೂವತ್ತೈದು ಎಕರೆ ಚಿಲ್ಲರೆ. ಟ್ಯೂಟಾನಿಕ್ ಅನ್ನೋ ಕ್ರೈಸ್ತ ಯೋಧರ ಪಂಗಡ 13ನೇ ಶತಮಾನದಲ್ಲಿ ಶುರು ಮಾಡಿದ ಕೆಲಸ ಅದು. ಚೆಕ್ ದೇಶದ ಪ್ರಾಗ್ ಕ್ಯಾಸಲ್ ಸುಮಾರು 70,000 ಚದರ ಮೀಟರ್, ಆದ್ರೆ ಅದು ಇನ್ನೂ ಹಳೆಯದು, 9ನೇ ಶತಮಾನದ್ದು. ಇವತ್ತಿಗೂ ಆ ದೇಶದ ಅಧ್ಯಕ್ಷರ ಕಚೇರಿ ಅಲ್ಲೇ ಇದೆ. ನಮ್ಮ ದೇಶಕ್ಕೆ ಬಂದ್ರೆ ಲೆಕ್ಕವೇ ಬದಲಾಗುತ್ತೆ. ಚಿತ್ತೋಡಗಢ ಒಂದೇ ಸುಮಾರು 700 ಎಕರೆ! ಕುಂಭಲಗಢದ ಗೋಡೆ 36 ಕಿಲೋಮೀಟರ್ ಅಂತ ಹೇಳ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯ ಕೇಳಿದ್ದು ಒಂದೇ ಮಾತು. "ನಮ್ದು ಎಷ್ಟದ?" ಅದಕ್ಕೇ ಇವತ್ತು ನಡೀತಾ ಇದ್ದೇವೆ. ವಿಜಯಪುರದ ಹೊರಗೋಡೆ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್, ಅದರ ಮೇಲೆ 96 ಬುರುಜುಗಳು. ಒಳಗೆ ಅರಮನೆಗಳಿಗೆ ಅಂತ ಇನ್ನೊಂದು ಕೋಟೆ, ಅರಕಿಲ್ಲಾ. ಬೇರೆ ದೇಶದವರು ಕ್ಯಾಸಲ್ ಅಂತ ಅಳೆಯೋದು ನಮ್ಮ ಅರಕಿಲ್ಲಾದಂಥದ್ದನ್ನು. ಆದ್ರೆ ನಾನು ಹುಟ್ಟಿ ಬೆಳೆದಿದ್ದು ಈ ಹೊರಗಿನ ಗೋಡೆ ನೆರಳಲ್ಲಿ.

ಈಗ ಸ್ವಲ್ಪ ಈ ಗೋಡೆ ಹತ್ತಿರ ಬನ್ನಿ. ಇಲ್ಲಿ ನೋಡಿ, ಕಲ್ಲು ದೊಡ್ಡವು, ನೀಟಾಗಿ ಕೆತ್ತಿ ಕೂರಿಸಿದ್ದಾರೆ. ಅಲ್ಲಿ ಆ ಕಡೆ ಸಣ್ಣ ಕಲ್ಲು, ಗಚ್ಚು ಜಾಸ್ತಿ. ಯಾಕೆ ಹೀಗೆ? ಒಂದನೇ ಅಲಿ ಆದಿಲ್ ಶಾಹಿ ಈ ಗೋಡೆ ಕಟ್ಟಿಸುವಾಗ ತನ್ನ ಸರದಾರರಿಗೆ ಒಂದೊಂದು ತುಕಡಿ ಹಂಚಿಕೊಟ್ಟ. ನಿನ್ನ ಪಾಲು ಇಲ್ಲಿಂದ ಅಲ್ಲಿವರೆಗೆ, ಕಟ್ಟಿಸು ಅಂತ. ಹಾಗಾಗಿ ಒಂದೊಂದು ತುಕಡಿದು ಒಂದೊಂದು ಕೈಚಳಕ. 1565ರಲ್ಲಿ, ಅದೇ ತಾಳಿಕೋಟೆ ಯುದ್ಧ ಆಯ್ತಲ್ಲ, ಆ ವರ್ಷ ಕೆಲಸ ಮುಗೀತು ಅಂತಾರೆ. ನನಗಂತೂ ಇದು ತುಂಬಾ ಇಷ್ಟ. ಇಷ್ಟು ವರ್ಷ ಇದರ ಪಕ್ಕದಲ್ಲೇ ಸೈಕಲ್ ಹೊಡ್ಕೊಂಡು ಹೋಗಿದ್ದೀನಿ, ಒಂದೇ ಗೋಡೆ ಅಂದ್ಕೊಂಡಿದ್ದೆ!

ಊರೊಳಗಿರೋ ಉಪ್ಪಲಿ ಬುರುಜಿನ ಕತೆಯೂ ಇದಕ್ಕೇ ಸೇರಿದ್ದು. ಗೋಡೆ ಹಂಚುವಾಗ ಹೈದರ್ ಖಾನ್ ಅನ್ನೋ ಸರದಾರ ದಂಡಿನ ಜೊತೆ ದೂರ ಹೋಗಿದ್ದನಂತೆ. ವಾಪಸ್ ಬಂದಾಗ ಅವನ ಪಾಲಿಗೆ ಏನೂ ಉಳಿದಿರಲಿಲ್ಲ. ಆಮೇಲೆ 1584ರಲ್ಲಿ ಎಂಬತ್ತು ಅಡಿ ಎತ್ತರದ ಆ ಬುರುಜನ್ನೇ ಕಟ್ಟಿಸಿದ. ಹೊರಗಿನಿಂದ ಸುತ್ತಿಕೊಂಡು ಹತ್ತೋ ಮೆಟ್ಟಿಲು, ಮೇಲೆ ಎರಡು ಉದ್ದನೆಯ ತೋಪು.

ಶೆರ್ಜಾ ಬುರುಜು ಬಂತು. ಮುಲುಕ್ ಮೈದಾನ್ ತೋಪು ಇರೋದು ಇಲ್ಲೇ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, ತೂಕ ಸುಮಾರು 55 ಟನ್. 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ಹತ್ತು ಆನೆ, ನಾನೂರು ಎತ್ತು ಕಟ್ಟಿ ಎಳೆಸಿದರು ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ಅದರ ಬಾಯಿ ನೋಡಿ, ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಇಷ್ಟು ಬಿಸಿಲಿನ ಊರಲ್ಲಿ ಕೈ ಇಟ್ಟರೆ ತಣ್ಣಗಿರುತ್ತೆ.

ಮೆಕ್ಕಾ ಅಗಸಿ ದಾಟಿದೆವು. ಇಲ್ಲಿಂದ ಮುಂದೆ ಕೆಲವು ಕಡೆ ಗೋಡೆ ಮುರಿದಿದೆ, ಕಂದಕದಲ್ಲಿ ಜಾಲಿ ಬೆಳೆದಿದೆ, ಕಸವೂ ಬಿದ್ದಿದೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತೆ. ದಯವಿಟ್ಟು ಹಾಕಬೇಡ್ರಿ, ಯಾರೇ ಇರಲಿ.

ಫತೇ ಅಗಸಿ. ಔರಂಗಜೇಬ ಊರೊಳಗೆ ಬಂದಿದ್ದು ಇದರಿಂದಲೇ ಅಂತಾರೆ. ಮುತ್ತಿಗೆ ಒಂದು ವರ್ಷಕ್ಕೂ ಜಾಸ್ತಿ ನಡೆಯಿತು. ಕೊನೆಗೆ 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹಿ ಶರಣಾದ. ಒಳಗೆ ತಿನ್ನೋಕೆ ಕಾಳಿರಲಿಲ್ಲ. ಇದನ್ನು ಕೇಳಿ ಅಳಿಯ, "ಮತ್ತ ಆ ಪೋಲೆಂಡಿಂದು?" ಅಂದ. ಅದರ ಕತೆ ಇನ್ನೂ ವಿಚಿತ್ರ. 1410ರಲ್ಲಿ ಪೋಲೆಂಡಿನ ರಾಜ ಮಾಲ್ಬೋರ್ಕ್‌ಗೆ ಮುತ್ತಿಗೆ ಹಾಕಿ, ಗೆಲ್ಲೋಕಾಗದೆ ವಾಪಸ್ ಹೋದ. ಆಮೇಲೆ 1457ರಲ್ಲಿ ಅದರ ಒಳಗಿದ್ದ ಬಾಡಿಗೆ ಸೈನಿಕರಿಗೆ ಸಂಬಳ ಸಿಗಲಿಲ್ಲ. ಅವರು ಕೋಟೆಯನ್ನೇ ಪೋಲೆಂಡಿನ ರಾಜನಿಗೆ ಮಾರಿಬಿಟ್ಟರು.

"ಮಾರಿದ್ರಾ?" ಅಂತ ಅವನು ರಸ್ತೆ ಮಧ್ಯೆ ನಿಂತುಬಿಟ್ಟ.

ಅಲ್ಲಾಪುರ ಅಗಸಿ, ಆಮೇಲೆ ಗೋಲಗುಮ್ಮಟ ಕಂಡಿತು, ಬಹಮನಿ ಅಗಸಿ ಹತ್ತಿರ ಕಬ್ಬಿನಹಾಲು ಕುಡಿದೆವು. ಎರಡು ತುಕಡಿ ಕೂಡೋ ಜಾಗ ಸಿಕ್ಕಾಗಲೆಲ್ಲ ಅವನು ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೀತಾ ಬಂದ. ನನಗಿಂತ ಅವನ ಕಣ್ಣು ಚುರುಕು.

ಮತ್ತೆ ಶಹಾಪುರ ಅಗಸಿಗೆ ಬಂದಾಗ ಹನ್ನೊಂದು ಗಂಟೆ. ಮನೆಗೆ ಹೋಗೋಣ ಅಂದ್ರೆ ಅವನು ಬರಲಿಲ್ಲ. ನಮ್ಮ ಓಣಿ ಹಿಂದಿನ ಗೋಡೆ ಹತ್ತಿರ ಹೋಗಿ, ಕಲ್ಲುಗಳ ಸಂದಿಯಲ್ಲಿ ಬೆರಳು ತೂರಿಸೋಕೆ ನೋಡಿದ. ಹೋಗಲಿಲ್ಲ. ಅಷ್ಟು ಬಿಗಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

"ಇಂವಾ ಚಲೋ ಕಟ್ಯಾನ, ಮಾಮಾ."