ಮಂಜುಗಡ್ಡೆಯ ಮೇಲಿನ ಕೈವಾರ

ಕೇಳುಗರಿಗೆ ನಮಸ್ಕಾರ.

ಫಿಗರ್ ಸ್ಕೇಟಿಂಗ್ ಎಂದೊಡನೆ ಕಣ್ಣ ಮುಂದೆ ಬರುವವರು ಗಾಳಿಯಲ್ಲಿ ಹಾರಿ, ಮೂರು ಸುತ್ತು ತಿರುಗಿ ಇಳಿಯುವವರು. ಆದರೆ ಆ ಹೆಸರಿನ ‘ಫಿಗರ್’ಗೂ ಹಾರಾಟಕ್ಕೂ ಸಂಬಂಧವಿಲ್ಲ. ಅದು ಮಂಜುಗಡ್ಡೆಯ ಮೇಲೆ ಸ್ಕೇಟಿನ ಅಲಗು ಕೊರೆಯುವ ಆಕೃತಿ. ಅದರ ಮೂಲ ವೃತ್ತ. ಒಂದಕ್ಕೊಂದು ತಾಗಿದ ಎರಡು ವೃತ್ತ ಸೇರಿದರೆ 8.

ಈ ವೃತ್ತದ ಅಭ್ಯಾಸಕ್ಕೆಂದೇ ಸ್ಕ್ರೈಬ್ ಎಂಬ ಸಲಕರಣೆಯಿದೆ. ಶಾಲೆಯ ಜ್ಯಾಮಿತಿ ಪೆಟ್ಟಿಗೆಯ ಕೈವಾರ ಬೆಳೆದು ದೊಡ್ಡದಾಯಿತು ಎಂದುಕೊಳ್ಳಿ. ಉದ್ದಕ್ಕೆ ಚಾಚುವ ತೋಳು. ಒಂದು ತುದಿ ನಡುವೆ ಊರಿ ನಿಲ್ಲುತ್ತದೆ, ಇನ್ನೊಂದು ಗೀಚುತ್ತಾ ಸುತ್ತುತ್ತದೆ. ವ್ಯಾಸವು ಸ್ಕೇಟ್ ಮಾಡುವವರ ಎತ್ತರದ ಸುಮಾರು ಮೂರು ಪಟ್ಟು ಇರಬೇಕೆಂಬುದು ರೂಢಿ. ಎತ್ತರ 160 ಸೆಂಟಿಮೀಟರ್ ಆದರೆ ವ್ಯಾಸ 480, ತೋಳಿನ ಅಳತೆ 240. ತೋಳು ಸಡಿಲವಾಗಿ ಜಾರಿತೋ, ಗೆರೆ ಹೊರಟ ಜಾಗಕ್ಕೆ ಬಂದು ಕೂಡುವುದೇ ಇಲ್ಲ.

ಗೆರೆ ಎಳೆದುಕೊಂಡು ಅದರ ಮೇಲೆಯೇ ಸಾಗುವುದು ಸುಲಭದ ದಾರಿ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಣ್ಣು ಗೆರೆಗೆ ಅಂಟಿದರೆ ತಲೆ ತಗ್ಗುತ್ತದೆ, ಅದರ ಹಿಂದೆಯೇ ಸೊಂಟವೂ ಬಾಗುತ್ತದೆ. ಹೆಜ್ಜೆಹೆಜ್ಜೆಗೂ ಕಾಲನ್ನು ತಿದ್ದುತ್ತಾ ಹೋದರೆ ದುಂಡಗಿರಬೇಕಾದದ್ದು ಮೂಲೆಮೂಲೆಯಾಗುತ್ತದೆ. ಅದಕ್ಕಿಂತ, ಮೊದಲು ಬರಿಯ ಮಂಜಿನ ಮೇಲೆ ಅಂದಾಜಿನಲ್ಲೇ ಒಂದು ಸುತ್ತು ಬನ್ನಿ. ಆಮೇಲೆ ಅದರ ಮೇಲೆ ಸ್ಕ್ರೈಬ್ ತಿರುಗಿಸಿ. ಮುಕ್ಕಾಲು ಸುತ್ತು ದಾಟುವಾಗ ವೇಗ ಕಳೆದು ನಿಮ್ಮ ಗೆರೆ ಒಳಕ್ಕೆ ಸುರುಳಿಗೊಂಡಿರುತ್ತದೆ. ಎಷ್ಟು ಎಂಬುದು ಅಲ್ಲೇ ಕಾಣುತ್ತದೆ, ಒಂದು ಗೇಣೋ ಎರಡು ಗೇಣೋ.

ಈಗ ಮಂಡಿಯೂರಿ ಹತ್ತಿರದಿಂದ ನೋಡಿ. ಅಲಗಿನ ಅಡಿಯ ನಡುಭಾಗ ತಗ್ಗಾಗಿದ್ದು, ಎರಡೂ ಬದಿಗೆ ಒಂದೊಂದು ಅಂಚಿದೆ. ಒಂದೇ ಅಂಚಿನ ಮೇಲೆ ವಾಲಿದ್ದರೆ ಗೀರು ಒಂದೇ. ಜೋಡಿ ಗೀರು ಕಂಡರೆ, ಅಷ್ಟು ದೂರ ನೀವು ವಾಲಿರಲೇ ಇಲ್ಲ. ಇದನ್ನು ಸ್ಕ್ರೈಬ್ ಹೇಳುವುದಿಲ್ಲ, ಮಂಜೇ ಹೇಳುತ್ತದೆ.

ಸ್ಪರ್ಧೆಯಲ್ಲಿ ಇಂಥ ಆಕೃತಿ ಕೊರೆಯುವುದೇ ಒಂದು ವಿಭಾಗವಾಗಿತ್ತು; ಅಲ್ಲಿ ಸ್ಕ್ರೈಬಿನ ಗೆರೆಯ ಆಸರೆ ಇರುತ್ತಿರಲಿಲ್ಲ. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶುಬಾ ಅವರಿಗೆ ಚಿನ್ನ ತಂದದ್ದು ಇಂಥ ಗೆರೆಗಳೇ; ಸಂಗೀತಕ್ಕೆ ಹಾರಿ ತಿರುಗುವ ಫ್ರೀ ಸ್ಕೇಟಿಂಗ್‌ ವಿಭಾಗದಲ್ಲಿ ಅವರದು ಏಳನೆಯ ಸ್ಥಾನ. ನೋಡುಗರಿಗೆ ಬೇಕಾದದ್ದು ಹಾರಾಟ. 1990ರ ವಿಶ್ವ ಚಾಂಪಿಯನ್‌ಷಿಪ್ ಆದ ಮೇಲೆ ಆಕೃತಿಗಳ ವಿಭಾಗವನ್ನೇ ಕೈಬಿಟ್ಟರು. ಸ್ಕ್ರೈಬ್ ಮೂಲೆ ಸೇರಿತು. ಆದರೂ ಅಂಚಿನ ಹಿಡಿತ ಬೇಕೆನ್ನುವವರು ಅದನ್ನು ಈಗಲೂ ಹೊರತೆಗೆಯುತ್ತಾರೆ.

ನೀವೂ ತೆಗೆದಿರಾದರೆ, ಮೊನೆಯನ್ನು ಒತ್ತಿ ಹಿಡಿಯಬೇಡಿ. ಗೆರೆ ಕಣ್ಣಿಗೆ ಕಂಡರೆ ಸಾಕು. ಏಳುವ ಮುನ್ನ, ನಡುವೆ ಊರಿದ ಗುಳಿಗೆ ಒಂದು ಚಿಟಿಕೆ ಒದ್ದೆ ಹಿಮ ತುಂಬಿ ಹೆಬ್ಬೆರಳಿನಿಂದ ಅದುಮಿಬಿಡಿ. ಮುಂದೆ ಅದೇ ದಾರಿಯಲ್ಲಿ ಬರುವವರ ಅಲಗು ಅಲ್ಲಿ ಸಿಕ್ಕಿಕೊಳ್ಳಬಾರದು.

ನಮಸ್ಕಾರ.