ಒಂದು ಮಗ್ಗುಲು ಕ್ಲಬ್, ಒಂದು ಮಗ್ಗುಲು ಸ್ಟುಡಿಯೋ: ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಕೇಳೋಣ ಬನ್ನಿ

[ಪರದೆ ತುಂಬ ಎಲ್‌ಪಿ ಹೊದಿಕೆ. ಕಲಾವಿದರ ಹೆಸರಿನ ಮೇಲೆ ನಿಧಾನವಾಗಿ ಝೂಮ್.]

ನಮಸ್ಕಾರ. ಈ ಜಾಝ್ ರೆಕಾರ್ಡಿನ ಹೊದಿಕೆಯನ್ನು ಸ್ವಲ್ಪ ಗಮನಿಸಿ. ಯಾರ ಹೆಸರು ಮೊದಲು ಬಂದಿದೆ? ವಿಂಟನ್ ಕೆಲ್ಲಿ ಟ್ರಿಯೊ, ಅಂದರೆ ಮೂವರ ತಂಡ. ಆಮೇಲೆ ಗಿಟಾರಿಸ್ಟ್ ವೆಸ್ ಮಾಂಟ್ಗೊಮೆರಿ. ಆದರೆ ಈ ರೆಕಾರ್ಡ್ ಬಗ್ಗೆ ಯಾರನ್ನೇ ಕೇಳಿ, ಗಿಟಾರ್ ಗಿಟಾರ್ ಅಂತಲೇ ಹೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗಿಟಾರ್ ಇರುವುದೇ ಹಾಗೆ. ಆದರೆ ಇವತ್ತು ನಾವು ಗಿಟಾರಿನ ಹಿಂದೆ ಇರುವ ಮೂವರಿಂದ ಶುರು ಮಾಡೋಣ. ಆ ಮೂವರು ಹಾಗೆ ನುಡಿಸದೇ ಇದ್ದಿದ್ದರೆ ವೆಸ್ ಹೀಗೆ ನುಡಿಸುತ್ತಿರಲಿಲ್ಲ ಅನ್ನುವುದು ನನ್ನ ವಾದ.

[ಕಪ್ಪು ಬಿಳುಪು ನಕ್ಷೆ: ಮ್ಯಾನ್‌ಹ್ಯಾಟನ್, ಹಡ್ಸನ್ ಸ್ಟ್ರೀಟ್ ಮತ್ತು ಸ್ಪ್ರಿಂಗ್ ಸ್ಟ್ರೀಟ್ ಸೇರುವ ಮೂಲೆ.]

ಮೊದಲು ಜಾಗ ನೋಡಿಬಿಡೋಣ. ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್. ಕ್ಯಾಂಟೆರಿನೊ ಅನ್ನುವ ಇಟಾಲಿಯನ್ ಕುಟುಂಬ ನಡೆಸುತ್ತಿದ್ದದ್ದು. ಹೊಟ್ಟೆಗೆ ಇಟಾಲಿಯನ್ ಊಟ, ಕಿವಿಗೆ ಜಾಝ್. ವೇದಿಕೆ ಬಾರ್ ಕೌಂಟರಿಗಿಂತ ಮೇಲೆ, ಎತ್ತರದಲ್ಲಿ. ಅಂದರೆ ಕುಡಿಯಲು ಕೂತವರು ತಲೆ ಎತ್ತಿದರೆ ಮೇಲೆ ಡ್ರಮ್ಸ್! ಶುಕ್ರವಾರ ರಾತ್ರಿಗಳಲ್ಲಿ ಇಲ್ಲಿಂದಲೇ ರೇಡಿಯೊದಲ್ಲಿ ನೇರ ಪ್ರಸಾರವೂ ಆಗುತ್ತಿತ್ತು. 1965ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಇಲ್ಲಿ ನುಡಿಸಿದ್ದು ಹಾಗೆ ಪ್ರಸಾರವಾಗಿ, ಎಷ್ಟೋ ವರ್ಷಗಳ ಮೇಲೆ ಆಲ್ಬಮ್ ಆಗಿ ಬಂತು.

ಅದೇ 1965ರ ಜೂನ್ 24, ಗುರುವಾರ. ವರ್ವ್ ಅನ್ನುವ ರೆಕಾರ್ಡ್ ಕಂಪನಿಯವರು ಇದೇ ಕ್ಲಬ್ಬಿನಲ್ಲಿ ಟೇಪ್ ಓಡಿಸಿ ರೆಕಾರ್ಡ್ ಮಾಡಿಕೊಂಡರು. ನಿರ್ಮಾಪಕರು ಕ್ರೀಡ್ ಟೇಲರ್.

[ಪರದೆ ಮೇಲೆ ನಾಲ್ಕು ಹೆಸರು, ಒಂದೊಂದಾಗಿ: ವಿಂಟನ್ ಕೆಲ್ಲಿ – ಪಿಯಾನೊ. ಪಾಲ್ ಚೇಂಬರ್ಸ್ – ಬೇಸ್. ಜಿಮ್ಮಿ ಕಾಬ್ – ಡ್ರಮ್ಸ್. ವೆಸ್ ಮಾಂಟ್ಗೊಮೆರಿ – ಗಿಟಾರ್.]

ಮೊದಲ ಮೂವರು ಹೊಸಬರಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ವರ್ಷಗಟ್ಟಲೆ ಒಟ್ಟಿಗೆ ದುಡಿದವರು. ಮೈಲ್ಸ್ ಅವರ 1959ರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ ಕೇಳಿದ್ದೀರಲ್ವಾ? ಅದರಲ್ಲಿ ಬೇಸ್ ಚೇಂಬರ್ಸ್, ಡ್ರಮ್ಸ್ ಕಾಬ್. ಪಿಯಾನೊ ಬಹುಪಾಲು ಬಿಲ್ ಇವಾನ್ಸ್, ಆದರೆ ‘ಫ್ರೆಡ್ಡಿ ಫ್ರೀಲೋಡರ್’ ಒಂದರಲ್ಲಿ ಮಾತ್ರ ಕೆಲ್ಲಿ. ಆ ಬ್ಲೂಸ್ ಹಾಡಿಗೆ ಮೈಲ್ಸ್ ಕೆಲ್ಲಿಯನ್ನು ಕೂರಿಸಿದರು. ಇದೊಂದು ಸಂಗತಿ ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತದೆ.

ಯಾಕಂದ್ರೆ ನಮ್ಮ ರೆಕಾರ್ಡಿನ ಮೊದಲ ಹಾಡು ‘ನೋ ಬ್ಲೂಸ್’. ಹೆಸರು ಹಾಗಿದ್ದರೂ ಅದು ಅಪ್ಪಟ ಬ್ಲೂಸ್! ರಚನೆ ಮೈಲ್ಸ್ ಅವರದು. 1961ರಲ್ಲಿ ಮೈಲ್ಸ್ ಇದೇ ಮೂವರನ್ನು ಕೂರಿಸಿಕೊಂಡು ಇದೇ ರಚನೆಯನ್ನು ‘ಫ್ರಾನ್ಸಿಂಗ್’ ಅನ್ನುವ ಹೆಸರಲ್ಲಿ ರೆಕಾರ್ಡ್ ಮಾಡಿದ್ದರು. ಕ್ಲಬ್ಬುಗಳಲ್ಲೂ ಬೇಕಾದಷ್ಟು ಸಲ ನುಡಿಸಿದ್ದರು. ಹೀಗಾಗಿ ಹಾಫ್ ನೋಟಿಗೆ ಬರುವ ಹೊತ್ತಿಗೆ ಈ ಮೂವರಿಗೆ ಇದು ನಿದ್ದೆಯಲ್ಲೂ ಬರುವ ಹಾಡು. ಅವರ ಪೂರ್ತಿ ಗಮನ ವೆಸ್ ಕಡೆಗೆ.

[ನಿರೂಪಕರು ಮೇಜಿನ ಮೇಲೆ ಕೈ ತಟ್ಟುತ್ತಾ ಎಣಿಸುತ್ತಾರೆ. ಪರದೆ ಮೇಲೆ 12 ಚೌಕಗಳು, ಒಂದೊಂದಾಗಿ ಬಣ್ಣ ತುಂಬುತ್ತವೆ.]

ಬ್ಲೂಸ್ ಅಂದರೆ 12 ಬಾರ್. ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 48. ಮುಗಿದ ಕೂಡಲೇ ಮತ್ತೆ ಮೊದಲಿಂದ. ನಮ್ಮ ಕಛೇರಿಗಳಲ್ಲಿ ಕಲ್ಪನಾಸ್ವರ ಹಾಡುವವರು ಎಲ್ಲೆಲ್ಲೋ ಸುತ್ತಿ ಸರಿಯಾಗಿ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರುತ್ತಾರಲ್ಲ, ಹಾಗೆ ಇಲ್ಲೂ ಈ 48 ಎಣಿಕೆಯ ಸುತ್ತು ನಿಲ್ಲುವುದಿಲ್ಲ. ಸೋಲೋ ನುಡಿಸುವವರು ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು. ‘ನೋ ಬ್ಲೂಸ್’ ಸುಮಾರು 13 ನಿಮಿಷ ನಡೆಯುತ್ತದೆ. ಎಣಿಸುತ್ತಾ ಕೇಳಿ, ಸುತ್ತು ಎಲ್ಲಿ ಮುಗಿಯಿತು ಅಂತ ಒಂದೆರಡು ಸಲದಲ್ಲಿ ಗೊತ್ತಾಗಿಬಿಡುತ್ತದೆ. ಚಪ್ಪಾಳೆ ಹಾಕುವುದಾದರೆ ಎರಡು ಮತ್ತು ನಾಲ್ಕನೇ ಎಣಿಕೆಗೆ ಹಾಕಿ. ನಮ್ಮ ಕೈ ತಾನಾಗಿ ಒಂದನೇ ಎಣಿಕೆಗೇ ಹೋಗುತ್ತದೆ, ಸ್ವಲ್ಪ ಬಿಗಿ ಹಿಡಿಯಬೇಕು!

ಈಗ ತೊಡಕಿನ ವಿಷಯ. ಪಿಯಾನೊ, ಗಿಟಾರ್ ಎರಡೂ ಒಂದೇ ಬ್ಯಾಂಡಿನಲ್ಲಿ ಇದ್ದರೆ ತಲೆನೋವು. ಎರಡರಲ್ಲೂ ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ನುಡಿಸಬಹುದು. ಇಬ್ಬರೂ ಒಟ್ಟಿಗೆ ಕಾರ್ಡ್ ಹಾಕಲು ಹೊರಟರೆ ಮಧ್ಯದ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದಕ್ಕೇ ಎಷ್ಟೋ ಗಿಟಾರಿಸ್ಟ್‌ಗಳು ಪಿಯಾನೊನೇ ಬೇಡ ಅನ್ನುತ್ತಾರೆ.

[ಕೀಬೋರ್ಡ್ ಮೇಲೆ ನಿರೂಪಕರ ಕೈ. ಒಂದು ಕಾರ್ಡ್ ಅನ್ನು ಉದ್ದಕ್ಕೆ ಹಿಡಿದು ತೋರಿಸುತ್ತಾರೆ. ಆಮೇಲೆ ಅದನ್ನೇ ಚಿಕ್ಕದಾಗಿ, ಎಣಿಕೆಯ ನಡುವೆ.]

ಕೆಲ್ಲಿ ಏನು ಮಾಡುತ್ತಾರೆ ನೋಡಿ. ಕಾರ್ಡನ್ನು ಹೀಗೆ ಹಿಡಿದು ಕೂರುವುದಿಲ್ಲ. ಹೀಗೆ... ಟಕ್ ಅಂತ ಮುಟ್ಟಿ ಬಿಡುತ್ತಾರೆ. ಅದೂ ಎಣಿಕೆಯ ಮೇಲೆ ಅಲ್ಲ, ಎರಡು ಎಣಿಕೆಗಳ ನಡುವೆ. ವೆಸ್ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ಇದಕ್ಕೆ ಜಾಝ್‌ನವರು ಕಾಂಪಿಂಗ್ ಅನ್ನುತ್ತಾರೆ. ಕೆಲ್ಲಿ ಕಾಂಪಿಂಗ್ ಕೇಳಿದರೆ ಕಾಲು ಸುಮ್ನಿರುವುದಿಲ್ಲ. ಅದರ ಕೆಳಗೆ ಚೇಂಬರ್ಸ್ ಎಣಿಕೆಗೊಂದು ಸ್ವರ ಇಟ್ಟುಕೊಂಡು ನಡೆಯುತ್ತಾರೆ. ಕಾಬ್ ಡ್ರಮ್ಸ್ ಜೊತೆಗಿರುವ ರೈಡ್ ಸಿಂಬಲ್ ಅನ್ನುವ ಲೋಹದ ತಟ್ಟೆ ಮೇಲೆ ಅದೇ ನಡಿಗೆಯನ್ನು ಹಿಡಿದು ಹೋಗುತ್ತಾರೆ. ಇಬ್ಬರೂ ಒಂಚೂರೂ ಜಗ್ಗುವುದಿಲ್ಲ.

ಈ ನೆಲದ ಮೇಲೆ ಬರುತ್ತಾರೆ ವೆಸ್. ಇಂಡಿಯಾನಾಪೊಲಿಸ್ ಊರಿನವರು, 1923ರಲ್ಲಿ ಹುಟ್ಟಿದವರು. ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡುಗಳನ್ನು ಕೇಳಿ ಕೇಳಿಯೇ ಗಿಟಾರ್ ಕಲಿತರು. ನೊಟೇಶನ್, ಅಂದರೆ ಬರೆದ ಸ್ವರಲಿಪಿ, ಓದಲು ಬರುತ್ತಿರಲಿಲ್ಲ. ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ವಾದನ, ಹೀಗೇ ವರ್ಷಗಳು ಹೋದವು. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ವೆಸ್ ಊರಿಗೆ ಬಂದು ಕೇಳಿ, ತಮ್ಮ ರೆಕಾರ್ಡ್ ಕಂಪನಿಗೆ ಇವರ ಬಗ್ಗೆ ಹೇಳಿದ ಮೇಲೇ ಹೊರಗಿನವರಿಗೆ ಗೊತ್ತಾಗಿದ್ದು. ಆಗ ವೆಸ್‌ಗೆ 36.

[ಕ್ಲೋಸಪ್: ನಿರೂಪಕರ ಬಲಗೈ ಹೆಬ್ಬೆರಳು ತಂತಿಯ ಮೇಲೆ.]

ವೆಸ್ ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಹಿಡಿಯುತ್ತಿರಲಿಲ್ಲ. ಹೆಬ್ಬೆರಳಿನಿಂದ ಮೀಟುತ್ತಿದ್ದರು. ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ರಾತ್ರಿ ಅಭ್ಯಾಸ ಮಾಡುವಾಗ ಬಂದ ರೂಢಿಯಂತೆ. ಪಿಕ್‌ನಲ್ಲಿ ಬರುವ ‘ಟಿಕ್’ ಸದ್ದು ಇಲ್ಲಿ ಇಲ್ಲ, ಕೇಳಿ. ಸ್ವರ ದುಂಡಗೆ, ಮೆತ್ತಗೆ ಬರುತ್ತದೆ.

[ಕ್ಲೋಸಪ್: ಎಡಗೈ.]

ಇನ್ನು ಅವರ ಆಕ್ಟೇವ್. ನೋಡಿ, ಆರನೇ ತಂತಿಯ ಮೂರನೇ ಫ್ರೆಟ್ (ವೀಣೆಯ ಮೆಟ್ಟಿಲಿನ ಹಾಗೆ) ಮೇಲೆ ತೋರುಬೆರಳು. ನಾಲ್ಕನೇ ತಂತಿಯ ಐದನೇ ಫ್ರೆಟ್ ಮೇಲೆ ಉಂಗುರದ ಬೆರಳು. ಎರಡೂ ಜಿ ಸ್ವರವೇ, ಒಂದು ಕೆಳಗಿನದು, ಒಂದು ಮೇಲಿನದು. ನಡುವೆ ಐದನೇ ತಂತಿ ಇದೆಯಲ್ಲ, ಅದು ಬಾಯಿ ಬಿಡಬಾರದು. ತೋರುಬೆರಳನ್ನೇ ಒಂಚೂರು ಮಲಗಿಸಿ ಅದನ್ನು ಮುಚ್ಚಬೇಕು. ಈಗ ಹೆಬ್ಬೆರಳಿಂದ ಮೂರೂ ತಂತಿ ಸವರಿದರೆ ಎರಡೇ ಸ್ವರ ಕೇಳುತ್ತದೆ. ಒಂದು ಜಾಗದಲ್ಲಿ ಇದು ಯಾರಿಗೂ ಬರುತ್ತದೆ. ಆದರೆ ಕೈಯನ್ನು ಹೀಗೇ ಇಟ್ಟುಕೊಂಡು ಓಡಬೇಕು! ಅದೂ ‘ನೋ ಬ್ಲೂಸ್’ ವೇಗದಲ್ಲಿ. ನಾನು ನುಡಿಸಿ ತೋರಿಸುವುದಿಲ್ಲ, ಚಾನೆಲ್ ಮರ್ಯಾದೆ ಪ್ರಶ್ನೆ.

ವೆಸ್ ಸೋಲೋ ಬೆಳೆಯುವುದಕ್ಕೆ ಒಂದು ದಾರಿ ಇದೆ. ಮೊದಲು ಒಂಟಿ ಸ್ವರಗಳು. ಕೆಲವು ಸುತ್ತು ಆದ ಮೇಲೆ ಆಕ್ಟೇವ್. ಆಮೇಲೆ ಪೂರ್ತಿ ಕಾರ್ಡುಗಳಲ್ಲೇ ರಾಗ. ಆ ಕೊನೆಯ ಹಂತದಲ್ಲೇ ಪಿಯಾನೊ ಜೊತೆ ಡಿಕ್ಕಿ ಆಗುವ ಅಪಾಯ ಜಾಸ್ತಿ. ಅಲ್ಲಿ ಕೆಲ್ಲಿ ಕಡೆ ಕಿವಿ ಕೊಡಿ. ಪೂರ್ತಿ ಹಾಡನ್ನು ಇಲ್ಲಿ ಹಾಕಿದರೆ ವಿಡಿಯೋಗೆ ಕಾಪಿರೈಟ್ ಹೊಡೆತ ಬೀಳುತ್ತದೆ, ಹಾಗಾಗಿ ನೀವೇ ಹಾಕಿಕೊಂಡು ಕೇಳಬೇಕು. ಹೆಡ್‌ಫೋನ್ ಇದ್ದರೆ ಒಳ್ಳೆಯದು.

ಎರಡನೇ ಹಾಡು ‘ಇಫ್ ಯು ಕುಡ್ ಸೀ ಮಿ ನೌ’. ನಿಧಾನದ್ದು, 8 ನಿಮಿಷ ದಾಟುತ್ತದೆ. ಟ್ಯಾಡ್ ಡ್ಯಾಮರನ್ 1946ರಲ್ಲಿ ಸಾರಾ ವಾನ್ ಹಾಡಲೆಂದು ಮಾಡಿದ ರಚನೆ. ಡ್ಯಾಮರನ್ ತೀರಿಕೊಂಡಿದ್ದು 1965ರ ಮಾರ್ಚ್‌ನಲ್ಲಿ. ಹಾಫ್ ನೋಟ್ ರಾತ್ರಿಗೆ ನಾಲ್ಕು ತಿಂಗಳೂ ಆಗಿರಲಿಲ್ಲ. ಇದರಲ್ಲಿ ವೆಸ್ ನುಡಿಸಿದ ಸೋಲೋ ತನಗೆ ಎಲ್ಲಕ್ಕಿಂತ ಇಷ್ಟ ಅಂತ ಗಿಟಾರಿಸ್ಟ್ ಪ್ಯಾಟ್ ಮೆಥಿನಿ ಹೇಳಿದ್ದಾರೆ. ನನ್ನನ್ನು ಕೇಳಿದರೂ ಈ ಮಗ್ಗುಲಿನಲ್ಲಿ ಇದೇ ಒಂದು ಕೈ ಮೇಲು.

[ಪರದೆ ಎರಡು ಭಾಗ. ಎಡಕ್ಕೆ ‘ಜೂನ್ 24, ಹಾಫ್ ನೋಟ್’. ಬಲಕ್ಕೆ ‘ಸೆಪ್ಟೆಂಬರ್ 22, ವ್ಯಾನ್ ಗೆಲ್ಡರ್ ಸ್ಟುಡಿಯೋ’.]

ಈಗ ಎಲ್‌ಪಿ ಮಗುಚಿ ಹಾಕಿ. ‘ಯುನಿಟ್ 7’, ‘ಫೋರ್ ಆನ್ ಸಿಕ್ಸ್’, ‘ವಾಟ್ಸ್ ನ್ಯೂ’. ಈ ಮೂರೂ ಹಾಫ್ ನೋಟಿನಲ್ಲಿ ನುಡಿಸಿದ್ದಲ್ಲ! ಸೆಪ್ಟೆಂಬರ್ 22ರಂದು ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಮಾಡಿದ್ದು. ಹೊದಿಕೆ ಮೇಲೆ ಕ್ಲಬ್ಬಿನ ಹೆಸರು, ಒಳಗೆ ಅರ್ಧ ಸ್ಟುಡಿಯೋ. ಇದನ್ನು ಮೋಸ ಅನ್ನಬಹುದಾ? ಅನ್ನಬಹುದು. ಆದರೆ ‘ಫೋರ್ ಆನ್ ಸಿಕ್ಸ್’ ಕೇಳಿದ ಮೇಲೆ ಜಗಳ ಮಾಡುವ ಮನಸ್ಸು ಬರುವುದಿಲ್ಲ.

ವ್ಯತ್ಯಾಸ ಮಾತ್ರ ಇದೆ. ಸ್ಟುಡಿಯೋ ಹಾಡುಗಳು ಅಚ್ಚುಕಟ್ಟು, ಆರೇಳು ನಿಮಿಷಕ್ಕೆ ಮುಗಿಯುತ್ತವೆ. ‘ಯುನಿಟ್ 7’ ರಚನೆಯೇ ಚೆನ್ನಾಗಿದೆ. ಬೇಸ್ ವಾದಕ ಸ್ಯಾಮ್ ಜೋನ್ಸ್ ಅವರದು. 12 ಬಾರಿನ ಬ್ಲೂಸ್ ಎರಡು ಸಲ, ನಡುವೆ 8 ಬಾರಿನ ಒಂದು ತಿರುವು, ಮತ್ತೆ ಬ್ಲೂಸ್. ಕ್ಲಬ್ ಹಾಡುಗಳಲ್ಲಿ ಇನ್ನೊಂದು ಸುತ್ತು ಹೋಗೋಣ್ವಾ ಅಂತ ಅಲ್ಲೇ ನಿರ್ಧಾರ ಆಗುತ್ತದೆ. ಜನ ಎದುರಿಗಿದ್ದಾರೆ, ಗಡಿಯಾರ ನೋಡುವವರು ಯಾರೂ ಇಲ್ಲ. 13 ನಿಮಿಷದ ಹಾಡು ಹುಟ್ಟುವುದು ಹಾಗೆ. ಇನ್ನೊಂದು, ಚಿಕ್ಕ ಜಾಗದಲ್ಲಿ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಬಿದ್ದೇ ಬೀಳುತ್ತದೆ. ಒಬ್ಬರು ತಪ್ಪಿದರೆ ಅವರದ್ದೊಂದನ್ನೇ ಅಳಿಸಿ ತಿದ್ದುವ ಹಾಗಿಲ್ಲ.

ಅಳಿಸಲು ಆಗದಿದ್ದರೂ ಸೇರಿಸಬಹುದು ಅಂತ ಆಮೇಲೆ ಯಾರಿಗೋ ಹೊಳೆಯಿತು. 1968ರ ಜೂನ್‌ನಲ್ಲಿ ವೆಸ್ ಹೃದಯಾಘಾತದಿಂದ ತೀರಿಕೊಂಡರು, 45ನೇ ವಯಸ್ಸಿಗೆ. ಹಾಫ್ ನೋಟಿನಲ್ಲಿ ರೆಕಾರ್ಡ್ ಮಾಡಿ ಉಳಿದಿದ್ದ ಟೇಪ್ ಹೊರಗೆ ಬಂತು. ಕೆಲವು ಹಾಡುಗಳ ಮೇಲೆ ಕ್ಲೌಸ್ ಓಗರ್ಮನ್ ಅವರಿಂದ ಊದುವ ವಾದ್ಯಗಳಿಗೆ ಸಂಗೀತ ಬರೆಸಿ, ನುಡಿಸಿ ಅಂಟಿಸಿದರು. ‘ವಿಲೋ ವೀಪ್ ಫಾರ್ ಮಿ’ ಅನ್ನುವ ಆ ಆಲ್ಬಮ್‌ಗೆ ಗ್ರ್ಯಾಮಿ ಕೂಡ ಬಂತು! ನನಗೆ ಅದು ಚೂರೂ ಇಷ್ಟ ಇಲ್ಲ. ಕೆಲ್ಲಿ ಅಷ್ಟು ಜೋಪಾನವಾಗಿ ಖಾಲಿ ಬಿಟ್ಟ ಜಾಗಕ್ಕೆಲ್ಲ ತುತ್ತೂರಿ ತುಂಬಿದ್ದಾರೆ. ಪುಣ್ಯಕ್ಕೆ, ಆ ಹಾಡುಗಳನ್ನು ಮೂಲದಲ್ಲಿ ಇದ್ದ ಹಾಗೆ ಸಿಡಿಯಲ್ಲಿ ಮತ್ತೆ ತಂದರು. ನಾಲ್ಕೇ ಜನ. ಹುಡುಕಿದರೆ ಅದನ್ನೇ ಹುಡುಕಿ.

[ಪರದೆ ಮೇಲೆ ಎರಡು ಆಲ್ಬಮ್ ಹೊದಿಕೆ.]

ಇನ್ನೂ ಬೇಕು ಅನ್ನುವವರಿಗೆ ಎರಡು. ಒಂದು, 1962ರ ‘ಫುಲ್ ಹೌಸ್’. ಇದೇ ನಾಲ್ವರ ಜೊತೆ ಸ್ಯಾಕ್ಸೊಫೋನ್‌ಗೆ ಜಾನಿ ಗ್ರಿಫಿನ್. ಬರ್ಕ್ಲಿಯ ಟ್ಸೂಬೊ ಅನ್ನುವ ಜಾಗದಲ್ಲಿ ನುಡಿಸಿದ್ದು. ಇನ್ನೊಂದು, ರೆಸನನ್ಸ್ ಕಂಪನಿ 2023ರಲ್ಲಿ ತಂದ ‘ಮ್ಯಾಕ್ಸಿಮಮ್ ಸ್ವಿಂಗ್’. 1965ರ ಹಾಫ್ ನೋಟ್ ರೇಡಿಯೊ ಪ್ರಸಾರಗಳ ಟೇಪ್. ಸದ್ದು ಸ್ಟುಡಿಯೋದಷ್ಟು ಚೊಕ್ಕ ಇಲ್ಲ, ಅದಕ್ಕೆ ಬೇಜಾರಾಗಬೇಡಿ. ಅದರಲ್ಲಿ ರಾತ್ರಿಯಿಂದ ರಾತ್ರಿಗೆ ಬೇಸ್ ವಾದಕರು ಬದಲಾಗುತ್ತಾರೆ. ಕೆಲವೆಡೆ ಚೇಂಬರ್ಸ್, ಕೆಲವೆಡೆ ರಾನ್ ಕಾರ್ಟರ್, ಇನ್ನೂ ಇಬ್ಬರು ಇದ್ದಾರೆ. ಬೇಸ್ ಬದಲಾದಾಗ ಕೆಲ್ಲಿ ಕೈ ಎಲ್ಲಿ ಬದಲಾಗುತ್ತದೆ ಅಂತ ಕೇಳಿ ನೋಡಿ, ನಿಮಗೆ ಏನು ಸಿಕ್ಕಿತು ಅಂತ ಕೆಳಗೆ ಬರೆಯಿರಿ.

[ಹೆಸರುಗಳ ಪಟ್ಟಿ ಉರುಳುತ್ತದೆ.]